ಖಾಡಿಯ ನರಿ

ಜೋಗೇಶ್ವರಿ
8 ಡಿಸೆಂಬರ್ 2024

ಸೋನಾಲಿ,

ಅಂಚೆಯವನು ಇದನ್ನು ಕೈಗೆ ಕೊಟ್ಟಾಗ ಹೆದರಬೇಡ. ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನನಗೆ ಈಗ ಏನೂ ಕೇಳುವುದಿಲ್ಲ, ಅದಕ್ಕೇ ಕಾಗದ. ಬಲಗಿವಿ ಕಾರ್ಖಾನೆಯ ಪ್ರೆಸ್ ಮಷೀನಿನ ಮುಂದೆ ನಿಂತೂ ನಿಂತೂ ಕೆಲಸದಲ್ಲಿದ್ದಾಗಲೇ ಹೋಗಿತ್ತು. ಈಗ ಎಡಗಿವಿಯೂ ಅದರ ದಾರಿ ಹಿಡಿದಿದೆ. ಯಾರಾದರೂ ಕಿವಿಗೆ ಬಾಯಿಟ್ಟು ಕೂಗಿದರೆ ಒಂದೆರಡು ಮಾತು ತಿಳಿಯುತ್ತದೆ, ಅಷ್ಟೇ. ಮನೆಯ ಫೋನನ್ನು ಯಾರು ಎತ್ತುತ್ತಾರೆಂದು ಗೊತ್ತಿರುವುದರಿಂದಲೇ ನೀನು ಫೋನ್ ಮಾಡುವುದಿಲ್ಲ ಎನ್ನುವುದೂ ನನಗೆ ತಿಳಿದಿದೆ. ನಿನ್ನನ್ನು ಮುನ್ಸಿಪಾಲ್ಟಿಯ ಕನ್ನಡ ಶಾಲೆಗೆ ಹಾಕಿದ್ದು ಹೀಗಾದರೂ ಉಪಯೋಗಕ್ಕೆ ಬರಲಿ.

ನಿನ್ನೆ ಗುರುಬಸವ ಬಂದಿದ್ದ. ನನ್ನ ತಂಗಿಯ ಮಗನಾದರೂ ನಿನಗಿಂತ ಹೆಚ್ಚು ಸಲ ನನ್ನನ್ನು ನೋಡಲು ಬರುತ್ತಾನೆ. "ಮಾಮಾ, ಯಾರದು ನೋಡ್ರಿ," ಎಂದು ಕಿವಿಯಲ್ಲಿ ಕೂಗಿ ಮೊಬೈಲು ಮುಂದೆ ಹಿಡಿದ. ಮೊದಲು ಬರೀ ನೀರು ಕಂಡಿತು. ಆಮೇಲೆ ದೋಣಿ. ದೋಣಿ ಎನ್ನಲೂ ಆಗುವುದಿಲ್ಲ, ನಮ್ಮ ಕಡೆ ದನಕ್ಕೆ ನೀರು ತುಂಬಿಡುವ ಬಾನಿಗಿಂತ ಅಗಲವಿಲ್ಲ. ಅದರಲ್ಲಿ ನೀನು ಕೂತಿದ್ದೆ. ಕೈಯಲ್ಲಿ ಹುಟ್ಟು, ಕೊರಳಲ್ಲಿ ಕ್ಯಾಮೆರಾ. ಗುರುಬಸವ ನಗುತ್ತಿದ್ದ. ನನಗೆ ನಗು ಬರಲಿಲ್ಲ.

ನಿನಗೆ ಈಜು ಬರುವುದಿಲ್ಲ. ನಮ್ಮ ಮನೆತನದಲ್ಲಿ ಯಾರೂ ಬಾವಿಗಿಂತ ದೊಡ್ಡ ನೀರಿಗೆ ಇಳಿದವರಲ್ಲ. ಚಿಕ್ಕವಳಿದ್ದಾಗ ಜುಹೂದಲ್ಲಿ ತೆರೆ ಕಾಲಿಗೆ ತಾಗಿದ್ದಕ್ಕೆ ನಿನ್ನ ಅವ್ವನ ಕೊರಳಿಗೆ ಜೋತುಬಿದ್ದು ಅತ್ತವಳು ನೀನು.

ಇಲ್ಲಿ ನಾವೆಲ್ಲರೂ ಆರಾಮವಾಗಿದ್ದೇವೆ. ಒಮ್ಮೆ ಬಂದು ಹೋಗು. ಮೆಟ್ರೊ ಹಿಡಿದು ಅಂಧೇರಿಗೆ ಬಂದರೆ ಮುಂದೆ ಒಂದೇ ಸ್ಟೇಷನ್.

ನಿನ್ನ ಅಪ್ಪ,
ಮುರಿಗೆಪ್ಪ


ಘಾಟ್ಕೋಪರ್
2 ಜನವರಿ 2025

ಅಪ್ಪ,

ನಿಮ್ಮ ಕಾಗದವನ್ನು ಇಷ್ಟು ದಿನ ಚೀಲದಲ್ಲೇ ಇಟ್ಟುಕೊಂಡು ಓಡಾಡಿದೆ. ಉತ್ತರ ಬರೆಯಬೇಕೋ ಬೇಡವೋ ತಿಳಿಯಲಿಲ್ಲ. ಕನ್ನಡ ಬರೆದು ಎಷ್ಟೋ ವರ್ಷವಾಯಿತು. ಒತ್ತಕ್ಷರ ತಪ್ಪಿದ್ದರೆ ನಗಬೇಡಿ.

ಗುರುಬಸವ ತೋರಿಸಿದ್ದು ನನ್ನನ್ನೇ. ಆ ದೋಣಿಯನ್ನು ಕೆನೂ ಎನ್ನುತ್ತಾರೆ. ಮುಂದೊಬ್ಬರು ಹಿಂದೊಬ್ಬರು ಕೂತು ಹುಟ್ಟು ಹಾಕುವುದು. ಗೋರಾಯಿ ಕಡೆ ಯಾವುದೋ ರಿಸಾರ್ಟ್ ಮುಚ್ಚಿದಾಗ ಯಕ್ಷಿತಾ ಅದನ್ನು ತಂದಳು. ಅವಳು ನನ್ನ ಜೊತೆ ಆಫೀಸಿನಲ್ಲಿರುವವಳು. ಮೂಲ ಉಡುಪಿ ಕಡೆ, ಇಲ್ಲಿ ಸ್ಟೇಷನ್ ಹತ್ತಿರ ಅವರ ಅಪ್ಪನ ಹೋಟೆಲಿದೆ. ಅವಳಿಗೆ ಈಜು ಬರುತ್ತದೆ, ಕ್ಯಾಮೆರಾ ಬರುತ್ತದೆ. ನನಗೆ ಎರಡೂ ಬರುತ್ತಿರಲಿಲ್ಲ, ಈಗ ಕ್ಯಾಮೆರಾ ಬರುತ್ತದೆ. ಲೈಫ್ ಜಾಕೆಟ್ ಹಾಕಿಕೊಳ್ಳುತ್ತೇನೆ, ಹಾಗಾಗಿ ಚಿಂತೆ ಬೇಡ.

ಯಾಕೆ ಹೋಗುತ್ತೀ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ನನಗೆ ರೂಮಿನಲ್ಲಿ ಕೂರಲಾಗುವುದಿಲ್ಲ. ಆಫೀಸು ಬಿಟ್ಟ ಮೇಲೆ ಸುಮ್ಮನೆ ಸಿಕ್ಕಿದ ಲೋಕಲ್ ಹತ್ತಿ ಠಾಣೆಗೋ ಕಲ್ಯಾಣಕ್ಕೋ ಹೋಗಿ, ಅಲ್ಲಿ ಇಳಿದು, ತಿರುಗಿ ಬರುವ ಗಾಡಿ ಹಿಡಿಯುತ್ತಿದ್ದೆ. ಸೀಟು ಸಿಕ್ಕರೂ ಬಾಗಿಲಲ್ಲೇ ನಿಂತಿರುತ್ತಿದ್ದೆ. ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಆದರೆ ಎಲ್ಲಿಯೂ ಇರಲು ಆಗುತ್ತಿರಲಿಲ್ಲ. ಒಂದು ಭಾನುವಾರ ಯಕ್ಷಿತಾ ಭಾಂಡುಪಿನ ಜೆಟ್ಟಿಗೆ ಕರೆದುಕೊಂಡು ಹೋದಳು. ಹೈವೇ ದಾಟಿ, ಉಪ್ಪಿನ ಗದ್ದೆಗಳ ನಡುವೆ ನಡೆದರೆ ಠಾಣೆ ಖಾಡಿ. ಸಮುದ್ರವೇ ಊರೊಳಗೆ ತೋಳು ಚಾಚಿ ಮಲಗಿದಂತೆ. ಎರಡು ದಂಡೆಗೂ ಕಾಂಡ್ಲಾ ಗಿಡಗಳ ದಟ್ಟ ಕಾಡು, ಬೇರುಗಳೆಲ್ಲ ಕೆಸರಿನಿಂದ ಮೇಲೆ ಬೆರಳು ತೋರಿಸುತ್ತಿರುತ್ತವೆ. ಆಚೆ ದಂಡೆಯಲ್ಲಿ ನವಿ ಮುಂಬೈಯ ಬಿಲ್ಡಿಂಗುಗಳು. ನಡುವೆ ಸಾವಿರಾರು ಫ್ಲೆಮಿಂಗೊ ಕೊಕ್ಕು ತಲೆಕೆಳಗೆ ಮಾಡಿ ಕೆಸರು ಸೋಸುತ್ತಿರುತ್ತವೆ. ದೋಣಿ ಅಲ್ಲಾಡಿದಾಗಲೆಲ್ಲ ಭಯವಾಗುತ್ತದೆ. ಆದರೆ ಆ ಭಯ ಇರುವಾಗ ಬೇರೇನೂ ನೆನಪಾಗುವುದಿಲ್ಲ.

ನಾವಿಬ್ಬರೂ ಒಂದು ಸಣ್ಣ ಫಿಲ್ಮ್ ಮಾಡುತ್ತಿದ್ದೇವೆ. ಫ್ಲೆಮಿಂಗೊಗಳನ್ನು ಎಲ್ಲರೂ ಮಾಡಿದ್ದಾರೆ. ನಮ್ಮದು ನರಿಯ ಬಗ್ಗೆ. ನೀರು ಇಳಿದಾಗ ಕಾಂಡ್ಲಾ ಕಾಡಿನಿಂದ ಹೊರಗೆ ಬಂದು ಏಡಿ ಹಿಡಿಯುತ್ತದೆ. ದಂಡೆಯಿಂದ ಕಾಣುವುದಿಲ್ಲ, ದೋಣಿಯಿಂದ ಮಾತ್ರ.

ನಾವೆಲ್ಲರೂ ಆರಾಮ ಎಂದು ಬರೆದಿದ್ದೀರಿ. ಆ ಮನೆಯಲ್ಲಿರುವುದು ಇಬ್ಬರು. ಅವ್ವ ಹೋಗಿ ವರ್ಷ ತುಂಬುವ ಮೊದಲೇ ಆ ಹೆಂಗಸು ಅವ್ವನ ಒಲೆಯ ಮುಂದೆ ಬಂದು ನಿಂತಳು. ನೀವು ಅವಳ ಕೊರಳಿಗೆ ಹಾರ ಹಾಕಿದ ದಿನ ನಾನು ಮನೆ ಬಿಟ್ಟೆ. ಅವಳು ಬಾಗಿಲು ತೆಗೆಯುವ ಮನೆಗೆ ನಾನು ಬರುವುದಿಲ್ಲ. ಮೆಟ್ರೊ ಎಲ್ಲಿಯವರೆಗೆ ಹೋಗುತ್ತದೆ ಎಂದು ನನಗೆ ಗೊತ್ತಿದೆ.

ಸೋನಾಲಿ


ಜೋಗೇಶ್ವರಿ
19 ಜನವರಿ 2025

ಸೋನಾಲಿ,

ಮುಂಬೈಯಲ್ಲಿ ನರಿ ಇದೆ ಎಂದರೆ ನಾನು ನಂಬುವುದಿಲ್ಲ. ಅದು ಬೀದಿ ನಾಯಿ ಇರಬೇಕು. ಕೆಸರು ಹತ್ತಿದರೆ ಯಾವ ನಾಯಿಯೂ ನರಿಯಂತೆ ಕಾಣುತ್ತದೆ.

ನಾನು ನರಿ ನೋಡಿದ್ದು ಊರಲ್ಲಿ, ಶೇಂಗಾ ಹೊಲ ಕಾಯುವಾಗ. ಬಾಲ ನೆಲಕ್ಕೆ ಇಳಿಬಿಟ್ಟಿರುತ್ತದೆ, ತುದಿ ಕಪ್ಪು. ಓಡುವಾಗ ಒಮ್ಮೆ ನಿಂತು ಹಿಂತಿರುಗಿ ನೋಡುತ್ತದೆ. ನಾಯಿ ಹಾಗೆ ನೋಡುವುದಿಲ್ಲ. ಬೆಳಿಗ್ಗೆ ಎದ್ದು ನರಿಯ ಮುಖ ಕಂಡರೆ ನಮ್ಮಪ್ಪ ಆ ದಿನ ಪೂರ್ತಿ ಖುಷಿಯಲ್ಲಿರುತ್ತಿದ್ದ. ಮುಂಬೈಗೆ ಬಂದ ಮೇಲೆ ನಾನು ಬೆಳಿಗ್ಗೆ ಎದ್ದು ನೋಡಿದ್ದೆಲ್ಲ ಸಂಡಾಸಿನ ಮುಂದಿನ ಸಾಲು.

ನಿನ್ನದು ನರಿಯೇ ಆಗಿದ್ದರೆ ಒಂದು ಫೋಟೊ ಕಳಿಸು. ಮೊಬೈಲಿನಲ್ಲಿ ಬೇಡ, ಕಾಗದದ ಮೇಲೆ.

ಗುರುಬಸವನ ಕೈಯಲ್ಲಿ ಶೇಂಗಾ ಹೋಳಿಗೆ ಕಳಿಸಿದ್ದೇನೆ. ಯಾರು ಮಾಡಿದ್ದು ಎಂದು ಕೇಳಬೇಡ. ತಿನ್ನು.

ಅಪ್ಪ


ಘಾಟ್ಕೋಪರ್
23 ಫೆಬ್ರವರಿ 2025

ಅಪ್ಪ,

ಫೋಟೊ ಇದರೊಳಗಿದೆ. ಬಾಲ ನೋಡಿ. ಎಡಗಿವಿಯ ತುದಿ ಹರಿದಿದೆ, ಅದರಿಂದಲೇ ನಾವು ಅವಳನ್ನು ಗುರುತಿಸುವುದು. ಹೌದು, ಹೆಣ್ಣು. ನೀವು ಹೇಳಿದಂತೆಯೇ ಓಡುವಾಗ ನಿಂತು ತಿರುಗಿ ನೋಡಿದಳು. ಆ ಕ್ಷಣದಲ್ಲಿ ತೆಗೆದದ್ದು.

ಕಳೆದ ವಾರ ದೋಣಿ ಮಗುಚಿತು. ಹೆದರಬೇಡಿ, ಸೊಂಟದ ಮಟ್ಟದ ನೀರು. ಹುಟ್ಟನ್ನು ಒಂದೇ ಕಡೆಗೆ ಜೋರಾಗಿ ಎಳೆದೆ, ಅಷ್ಟೇ. ಯಕ್ಷಿತಾ ಕ್ಯಾಮೆರಾವನ್ನು ತಲೆಯ ಮೇಲೆ ಹಿಡಿದುಕೊಂಡು ನಿಂತಿದ್ದಳು, ನನ್ನನ್ನು ಹಿಡಿಯಲಿಲ್ಲ. ಇಬ್ಬರೂ ತುಂಬ ನಕ್ಕೆವು. ಎಷ್ಟು ದಿನವಾಗಿತ್ತು ಹಾಗೆ ನಕ್ಕು.

ಆದರೆ ಮನೆಗೆ ಬಂದ ಕೂಡಲೇ ಮತ್ತೆ ಅದೇ. ಫ್ಯಾನ್ ಸದ್ದು, ಪಕ್ಕದ ರೂಮಿನ ಟಿವಿ. ಆಫೀಸಿನಲ್ಲಿ ಲೆಕ್ಕ ಬರೆಯುತ್ತಾ ಕಿಟಕಿಯತ್ತ ನೋಡುತ್ತೇನೆ, ಈಗ ನೀರು ಇಳಿಯುತ್ತಿರಬಹುದು, ಈಗ ಅವಳು ಹೊರಗೆ ಬಂದಿರಬಹುದು ಎನ್ನಿಸುತ್ತದೆ. ಮ್ಯಾನೇಜರು ಎರಡು ಸಲ ಕೇಳಿದರು, "ಸೋನಾಲಿ, ಧ್ಯಾನ್ ಕಿಧರ್ ಹೈ?" ನನ್ನ ಗಮನ ಕೆಸರಿನಲ್ಲಿದೆ ಎಂದು ಹೇಳಲಿಲ್ಲ.

ನರಿಯ ಹೊಟ್ಟೆ ಜೋತುಬಿದ್ದಿದೆ. ಯಕ್ಷಿತಾ ಹೇಳುವಂತೆ ಮರಿ ಹಾಕುತ್ತಾಳೆ. ಮರಿಗಳು ಸಿಕ್ಕರೆ ನಮ್ಮ ಫಿಲ್ಮ್ ಆಯಿತು. ಇಲ್ಲಿಯ ಕನ್ನಡ ಸಂಘದವರು ಮಳೆಗಾಲದಲ್ಲಿ ತೋರಿಸುತ್ತೇವೆ ಎಂದಿದ್ದಾರೆ.

ಹೋಳಿಗೆಯನ್ನು ಯಕ್ಷಿತಾ ತಿಂದಳು. ನಾನು ಒಂದು ಚೂರು ಬಾಯಿಗಿಟ್ಟು ಇಟ್ಟುಬಿಟ್ಟೆ. ಇನ್ನು ಮೇಲೆ ಕಳಿಸಬೇಡಿ. ಅವ್ವನ ಕೈರುಚಿಯನ್ನು ನನ್ನ ನಾಲಿಗೆಯಿಂದ ಅಳಿಸುವ ಕೆಲಸ ಆ ಹೆಂಗಸಿಗೆ ಬೇಡ ಎಂದು ಹೇಳಿ.

ಸೋನಾಲಿ


ಜೋಗೇಶ್ವರಿ
16 ಮಾರ್ಚ್ 2025

ಸೋನಾಲಿ,

ಒಪ್ಪಿದೆ, ನರಿಯೇ. ಫೋಟೊವನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೇನೆ. ಚಾಳಿನ ಹುಡುಗರು ಬಂದು ನೋಡಿ ಹೋಗುತ್ತಾರೆ. ಎದುರು ಖೋಲಿಯ ನೀಲಾಬಾಯಿ ನಿನ್ನೆ ನನ್ನನ್ನು ತಡೆದು ನಿಲ್ಲಿಸಿ, ಮರಿ ಆಯಿತೇ ಎಂದು ಕೈಸನ್ನೆಯಲ್ಲಿ ಕೇಳಿದಳು. ಇವರಿಗೆಲ್ಲ ಯಾರು ಹೇಳಿದರೋ ತಿಳಿಯದು. ನಿನ್ನ ಕಾಗದವನ್ನು ನಾನು ಯಾರಿಗೂ ತೋರಿಸುವುದಿಲ್ಲ. ಬಾಗಿಲ ಬಳಿ ಬೆಳಕಿಗೆ ಕೂತು ನನ್ನ ಪಾಡಿಗೆ ಓದಿಕೊಳ್ಳುತ್ತೇನೆ.

ಹೋಳಿಗೆಯ ಮಾತನ್ನು ನಾನು ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ. ಇನ್ನು ಕಳಿಸುವುದಿಲ್ಲ.

ಮರಿ ಹಾಕಿದ ನರಿಯ ಹತ್ತಿರ ಹೋಗಬೇಡ. ಈಜು ಕಲಿತೆಯೋ ಇಲ್ಲವೋ ಬರೆ.

ಅಪ್ಪ


ಘಾಟ್ಕೋಪರ್
20 ಏಪ್ರಿಲ್ 2025

ಅಪ್ಪ,

ಅವಸರದಲ್ಲಿ ಬರೆಯುತ್ತಿದ್ದೇನೆ. ಮರಿಗಳು ಇವೆ. ಖಾಡಿಯ ಒಂದು ಕವಲಿನ ಒಳಗೆ, ಎತ್ತರದ ದಿಬ್ಬದ ಮೇಲೆ ಪೊದೆಯಲ್ಲಿ. ಒಂದು ಸಲ ಮೂತಿ ಕಂಡಿತು, ಆಮೇಲೆ ಇಲ್ಲ. ಉಪ್ಪಿನ ಗದ್ದೆಯ ಒಡ್ಡಿನ ಕಡೆಯಿಂದ ನಾಯಿಗಳು ಈಗ ಅಲ್ಲಿಯವರೆಗೂ ಬರುತ್ತಿವೆ. ಅವಳು ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಕವಲು ದಾಟಿಸಿಯೇ ದಾಟಿಸುತ್ತಾಳೆ. ಅದು ನೀರು ಪೂರ್ತಿ ಇಳಿದಾಗ ಮಾತ್ರ ಸಾಧ್ಯ. ಆ ಹೊತ್ತಿಗೆ ನಾವು ಕವಲಿನೊಳಗೆ ಇರಬೇಕು.

ಯಕ್ಷಿತಾ ಬೇಡ ಎನ್ನುತ್ತಾಳೆ. ನೀರು ಇಳಿದರೆ ದೋಣಿ ಕೆಸರಲ್ಲಿ ಕೂರುತ್ತದೆ, ಮತ್ತೆ ಉಬ್ಬರ ಬರುವವರೆಗೆ ಹೊರಗೆ ಬರಲಾಗುವುದಿಲ್ಲ ಎನ್ನುತ್ತಾಳೆ. ಎರಡು ವಾರದಿಂದ ಇದೇ ಜಗಳ. ನಿನ್ನೆ ಅವಳು, "ನಿಂಗೆ ನರಿ ಬೇಕಾ, ಅಲ್ಲ ಮುಳುಗ್ಲಿಕ್ಕೆ ಒಂದು ಜಾಗ ಬೇಕಾ?" ಎಂದಳು. ನಾನು ಮಾತು ಬಿಟ್ಟಿದ್ದೇನೆ.

ಮೇ ತಿಂಗಳ ಕೊನೆಗೆ ಗಾಳಿ ಎದ್ದರೆ ಮುಗಿಯಿತು, ದೋಣಿ ಇಳಿಸಲು ಆಗುವುದಿಲ್ಲ. ಮತ್ತೆ ನಾನು ಆ ರೂಮಿನಲ್ಲಿ.

ಈಜು ಕಲಿತಿಲ್ಲ.

ಸೋನಾಲಿ


ಜೋಗೇಶ್ವರಿ
14 ಮೇ 2025

ಸೋನಾಲಿ,

ಹೋದ ತಿಂಗಳಿನಿಂದ ನಿನ್ನ ಕಾಗದವಿಲ್ಲ. ಈ ನಡುವೆ ಎರಡು ಬರೆದೆ. ತಲುಪಿವೆಯೋ ಇಲ್ಲವೋ.

ಮನೆಯಲ್ಲಿಯೂ ಸರಿಯಿಲ್ಲ. ಶರಣವ್ವ, ನಿನಗೆ ಈ ಹೆಸರು ಬೇಡವೆಂದು ಇಷ್ಟು ದಿನ ಬರೆಯಲಿಲ್ಲ, ಕೆಲವು ದಿನಗಳಿಂದ ಬೆಳಿಗ್ಗೆ ಅಡಿಗೆ ಮಾಡಿಟ್ಟು ಹೋದರೆ ಕತ್ತಲಾದ ಮೇಲೆ ಬರುತ್ತಾಳೆ. ಧಾರಾವಿಯಲ್ಲಿರುವ ಅವಳ ತಂಗಿಗೆ ಜ್ವರವಂತೆ. ನಾನೂ ಬರುತ್ತೇನೆ ಎಂದರೆ ಕೈ ಅಡ್ಡ ಆಡಿಸುತ್ತಾಳೆ. ಸೀರೆಗೆ ಆಸ್ಪತ್ರೆಯ ವಾಸನೆ ಬರುತ್ತದೆ. ಕಿವಿ ಹೋದ ಮೇಲೆ ಮೂಗು ಚುರುಕಾಗಿದೆ. ಕಾಯಿಲೆ ಅವಳಿಗೇ ಇರಬಹುದೇ ಎಂದು ಯೋಚನೆ. ಕೇಳಿದರೆ ಹೇಳುವುದಿಲ್ಲ, ಹೇಳಿದರೂ ನನಗೆ ಪೂರ್ತಿ ಕೇಳುವುದಿಲ್ಲ. ಅವಳಿಗೆ ಬರೆಯಲು ಬರುವುದಿಲ್ಲ. ಈ ಒಂದು ಖೋಲಿಯಲ್ಲಿ ನಾನು ಬಾಗಿಲಿನಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ ಓಡಾಡುತ್ತಿರುತ್ತೇನೆ.

ಗುರುಬಸವನನ್ನು ನಿನ್ನ ರೂಮಿಗೆ ಕಳಿಸಿದ್ದೆ. ಬೀಗ ಇದೆ, ಊರಿಗೆ ಹೋಗಿರಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟ. ನಿನಗೆ ಯಾವ ಊರು? ಅವನು ಬರೆಯುವಾಗ ನನ್ನ ಮುಖ ನೋಡಲಿಲ್ಲ.

ಎರಡು ಸಾಲಾದರೂ ಬರೆ.

ಅಪ್ಪ


ಘಾಟ್ಕೋಪರ್
25 ಮೇ 2025

ಅಪ್ಪ,

ಧಾರಾವಿಯಲ್ಲಿ ಯಾರಿಗೂ ಜ್ವರ ಬಂದಿಲ್ಲ. ಆಸ್ಪತ್ರೆಯಲ್ಲಿದ್ದವಳು ನಾನು. ಈಗ ಯಕ್ಷಿತಾಳ ಮನೆಯಲ್ಲಿದ್ದೇನೆ, ಕೋಲು ಹಿಡಿದು ನಡೆಯುತ್ತೇನೆ. ನಿಮಗೆ ಹೇಳಬೇಡಿ ಎಂದು ಎಲ್ಲರ ಬಾಯಿ ಕಟ್ಟಿದ್ದು ನಾನೇ. ಶರಣವ್ವನ ಮೇಲೆ ಸಿಟ್ಟು ಮಾಡಬೇಡಿ.

ಮೇ ಮೊದಲ ಶನಿವಾರ ಒಬ್ಬಳೇ ಹೋದೆ. ಮಧ್ಯಾಹ್ನ ಉಬ್ಬರದ ನೀರಿನ ಜೊತೆಯಲ್ಲೇ ಕವಲಿನೊಳಗೆ ಸೇರಿಕೊಂಡು ದೋಣಿಯನ್ನು ಒಂದು ಬೇರಿಗೆ ಕಟ್ಟಿದೆ. ದೋಣಿಯ ಮೂತಿಗೆ ಒಂದು ಸಣ್ಣ ಕ್ಯಾಮೆರಾ ಸಿಕ್ಕಿಸಿ ಚಾಲೂ ಮಾಡಿಟ್ಟೆ, ದೊಡ್ಡದು ಕೈಯಲ್ಲಿತ್ತು. ನೀರು ಇಳಿಯಿತು. ಸ್ನಾನದ ಮೋರಿಯಿಂದ ನೀರು ಹೋದ ಹಾಗೆ, ನೋಡುತ್ತಿದ್ದಂತೆ ಸುತ್ತಲೂ ಬರೀ ಬೂದು ಬಣ್ಣದ ಕೆಸರು. ಜಿಗಿಯುವ ಮೀನುಗಳು ಹೊರಗೆ ಬಂದವು, ಏಡಿಗಳು ಬಂದವು. ಅವಳು ಬರಲಿಲ್ಲ. ಬಿಸಿಲು ಇಳಿಯಿತು, ಆಗಲೂ ಬರಲಿಲ್ಲ. ದೋಣಿಯ ದಿಕ್ಕು ಸರಿಯಿಲ್ಲ, ಸ್ವಲ್ಪ ತಿರುಗಿಸಿದರೆ ದಿಬ್ಬ ಚೆನ್ನಾಗಿ ಕಾಣುತ್ತದೆ ಎನ್ನಿಸಿತು. ಒಂದು ಕಾಲು ಕೆಳಗಿಟ್ಟೆ.

ಮೊಣಕಾಲಿನವರೆಗೆ ಹೋಯಿತು. ಅದನ್ನು ತೆಗೆಯಲು ಇನ್ನೊಂದು ಕಾಲಿಟ್ಟೆ. ಅದು ತೊಡೆಯವರೆಗೆ ಹೋಯಿತು. ಕೆಳಗೆ ಯಾವುದೋ ಹಳೆಯ ಬಲೆಯೋ ತಂತಿಯೋ ಇತ್ತು, ಪಾದಕ್ಕೆ ಸುತ್ತಿಕೊಂಡಿತು. ಎಳೆದಷ್ಟೂ ಕಚ್ಚುತ್ತಿತ್ತು. ದೋಣಿಯ ಅಂಚು ಹಿಡಿದು ಎಳೆದರೆ ದೋಣಿಯೇ ವಾಲಿತು. ದೊಡ್ಡ ಕ್ಯಾಮೆರಾ, ಮೊಬೈಲು ಎರಡೂ ಕೆಸರಿಗೆ ಬಿದ್ದವು. ಹೈವೇಯ ಗಾಡಿಗಳ ಸದ್ದು ಅಲ್ಲಿಯವರೆಗೂ ಬರುತ್ತದೆ, ಅಪ್ಪ. ಇಷ್ಟು ಜನರ ಊರು, ಎಲ್ಲರೂ ಮನೆಗೆ ಹೋಗುತ್ತಿದ್ದಾರೆ, ನಾನು ಅಲ್ಲಿ ನೆಟ್ಟ ಗೂಟದಂತೆ ನಿಂತಿದ್ದೇನೆ. ಆಮೇಲೆ ನೀರು ತಿರುಗಿ ಬರತೊಡಗಿತು. ಹೊಟ್ಟೆಗೆ ಬಂತು, ಎದೆಗೆ ಬಂತು. ದೋಣಿ ತೇಲಿತು, ನಾನು ಅದಕ್ಕೆ ಜೋತುಬಿದ್ದು ಕೂಗುತ್ತಲೇ ಇದ್ದೆ. ಏಡಿ ಹಿಡಿಯುವ ಇಬ್ಬರು ಮೀನುಗಾರರು ಸದ್ದು ಕೇಳಿ ತಮ್ಮ ದೋಣಿ ತಂದರು. ಒಬ್ಬರು ನೀರಿನಲ್ಲಿ ಮುಳುಗಿ ತಂತಿ ಬಿಡಿಸಿದರು. ಗಾಯಕ್ಕೆ ಕೆಸರಿನ ವಿಷ ಏರಿತ್ತು. ಕಾಲು ಉಳಿಯುತ್ತದೋ ಇಲ್ಲವೋ ಎಂದು ಡಾಕ್ಟರು ಕೆಲವು ದಿನ ಏನೂ ಹೇಳಲಿಲ್ಲ. ಈಗ ಉಳಿದಿದೆ.

ಯಕ್ಷಿತಾ ನನ್ನನ್ನು ಕೇಳದೆ ನಿಮ್ಮ ಮನೆಗೆ ಫೋನ್ ಮಾಡಿದಳು. ಮಾರನೆಯ ಬೆಳಿಗ್ಗೆ ಕಣ್ಣು ಬಿಟ್ಟಾಗ ಶರಣವ್ವ ಸ್ಟೂಲಿನ ಮೇಲೆ ಕೂತಿದ್ದರು. ನಾನು ಗೋಡೆಯ ಕಡೆ ತಿರುಗಿದೆ. "ಆ ಕೈಯಾಗ ಸೂಜಿ ಐತಿ, ಅದರ ಮ್ಯಾಲ ಮಲಗಬ್ಯಾಡ," ಎಂದರು. ಎರಡು ದಿನ ಹಾಗೇ ಬಂದರು, ಕೂತರು, ತಲೆ ಬಾಚಿದರು, ಬೆಡ್‌ಪ್ಯಾನ್ ತೊಳೆದರು, ಹೋದರು. ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ. "ನಿಮಗೆ ಯಾರು ಹೇಳಿದ್ದು ಇದೆಲ್ಲ ಮಾಡೋಕೆ?" ಎಂದೆ.

ಅವರು, "ಯವ್ವಾ, ಆ ನರಿ ಮರಿ ಏನಾದವು?" ಎಂದು ಕೇಳಿದರು.

ನರಿಯ ವಿಷಯ ಅವರಿಗೆ ಹೇಗೆ ಗೊತ್ತು ಎಂದು ಕೇಳಿದೆ. ಅಪ್ಪ, ಇದನ್ನು ನಿಮಗೆ ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ.

"ನಿಮ್ಮಪ್ಪ ಕಾಗದ ಮನಸಿನ್ಯಾಗ ಓದಾಕ ಹತ್ತೇನಿ ಅಂತ ತಿಳಕೊಂಡಾರ. ಅವರಿಗೆ ಕೇಳಂಗಿಲ್ಲಲ್ಲ. ದನಿ ಗಟ್ಟಿಯಾಗೇ ಬರತೈತಿ. ಇಡೀ ಚಾಳ್ ಕೇಳತೈತಿ. ನೀಲಾಬಾಯಿ ನಲ್ಲಿ ಬಂದ್ ಮಾಡಿ ನಿಂದರತಾಳ."

ಹಾಗಾದರೆ ಎಲ್ಲ ಕೇಳಿದ್ದೀರಾ ಎಂದೆ. "ಎಲ್ಲಾ," ಎಂದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಒಲೆಯ ಮಾತು, ಹೋಳಿಗೆಯ ಮಾತು, ಎಲ್ಲವನ್ನೂ ಅವರು ರೊಟ್ಟಿ ಬಡಿಯುತ್ತಾ ಕೇಳಿಸಿಕೊಂಡಿದ್ದಾರೆ. ನೀವು ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದೀರಿ, ಅವರು ಕೇಳಿಲ್ಲ ಎಂದು ನಟಿಸಿದ್ದಾರೆ. "ಮತ್ತೆ ಯಾಕೆ ಬಂದಿರಿ?" ಎಂದು ಕೇಳಿದೆ.

"ಫೋನ್ ನಾನೇ ಎತ್ತಿದ್ನಲ್ಲ," ಎಂದರು. ನನ್ನ ಹೊದಿಕೆ ಸರಿಮಾಡುತ್ತಾ, "ನಾ ನಿಮ್ಮವ್ವ ಆಗಾಕ ಬಂದಿಲ್ಲ. ಆ ಮನಿ ಭಾಳ ಸುಮ್ಮನಿತ್ತು, ನನ್ನ ಖೋಲಿನೂ ಸುಮ್ಮನಿತ್ತು. ಅಷ್ಟ," ಎಂದರು. ಆಮೇಲೆ ಮತ್ತೆ ಮರಿಗಳದೇ ಮಾತು. ನಾಯಿ ತಿಂದವೇನು, ದಾಟಿದವೇನು. ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಅಷ್ಟೆಲ್ಲ ಆಗಿಯೂ ನಾನು ಏನೂ ನೋಡಿರಲಿಲ್ಲ.

ದೋಣಿಯ ಮೂತಿಗಿದ್ದ ಕ್ಯಾಮೆರಾ ಮಾತ್ರ ಉಳಿದಿದೆ, ಯಕ್ಷಿತಾಳ ಹತ್ತಿರ ಇದೆ. ಅದರಲ್ಲಿ ಏನಿದೆಯೋ ನಾನು ನೋಡಿಲ್ಲ. ನೋಡಲು ಧೈರ್ಯ ಸಾಲದು.

ನಡೆಯಲು ಬಂದ ಮೇಲೆ ಒಂದು ದಿನ ಬರುತ್ತೇನೆ. ಬಾಗಿಲು ಯಾರು ತೆಗೆದರೂ ಸರಿ. ಇದನ್ನು ಗಟ್ಟಿಯಾಗಿಯೇ ಓದಿ.

ಸೋನಾಲಿ


ಜೋಗೇಶ್ವರಿ
17 ಜೂನ್ 2025

ಸೋನಾಲಿ,

ನೀನೂ ಯಕ್ಷಿತಾಳೂ ಬಂದು ಹೋದ ಮೇಲೆ ಮಳೆ ಜೋರಾಯಿತು. ರಿಕ್ಷಾ ಸಿಕ್ಕಿತೋ ಇಲ್ಲವೋ ಎಂದು ಬಹಳ ಹೊತ್ತು ಗ್ಯಾಲರಿಯಲ್ಲಿ ನಿಂತಿದ್ದೆ.

ಭಾನುವಾರ ಎದುರಿಗೆ ಕೂತು ಕೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಬಂದದ್ದು, ಶರಣವ್ವ ಬಡಿಸಿದ್ದನ್ನು ಉಂಡದ್ದು, ಇವುಗಳ ಬಗ್ಗೆ ನಾನು ಏನೂ ಬರೆಯುವುದಿಲ್ಲ. ನನ್ನ ಓದುವ ದನಿಯ ವಿಷಯ ತಿಳಿದ ದಿನದಿಂದ ನೀಲಾಬಾಯಿಯ ಮುಖ ತಪ್ಪಿಸಿ ಓಡಾಡುತ್ತಿದ್ದೇನೆ.

ಕೇಳಬೇಕಾದದ್ದು ಆ ವೀಡಿಯೊ. ಯಕ್ಷಿತಾ ಅದನ್ನು ಟಿವಿಗೆ ಹಚ್ಚಿದಾಗ ಚಾಳಿನವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಮೊದಲು ನನಗೆ ತಿಳಿಯಲಿಲ್ಲ, ಎಲ್ಲ ಅಡ್ಡಡ್ಡ ಇತ್ತು. ದೋಣಿ ವಾಲಿದ್ದರಿಂದ ಎಂದು ಆಮೇಲೆ ಹೊಳೆಯಿತು. ಮೂಲೆಯಲ್ಲಿ ನಿನ್ನ ಬೆನ್ನು ಮತ್ತು ಒಂದು ತೋಳು. ಹಿಂದೆ ಹೊಳೆಯುವ ಕೆಸರು. ಅಷ್ಟರಲ್ಲಿ ದೂರದಲ್ಲಿ ಅದು ಬಂತು. ಹರಿದ ಕಿವಿ ಎಲ್ಲರಿಗಿಂತ ಮೊದಲು ನನಗೆ ಕಂಡಿತು. ಬಾಯಲ್ಲಿ ಮರಿ. ಕೆಸರಿನಲ್ಲಿ ಹೊಟ್ಟೆ ಎಳೆಯುತ್ತಾ ದಾಟಿತು, ಆಚೆ ಇಟ್ಟಿತು, ತಿರುಗಿ ಬಂತು, ಮತ್ತೊಂದನ್ನು ಒಯ್ದಿತು. ನೀನು ಆ ಕಡೆ ನೋಡುತ್ತಲೇ ಇಲ್ಲ. ನನಗೆ ನಗು ಬಂತು. ಇಷ್ಟು ದಿನ ಕಾದು ಕೂತವಳು, ಅದು ಬೆನ್ನ ಹಿಂದೆ ಹೋಗುವಾಗ ಎತ್ತಲೋ ನೋಡುತ್ತಿದ್ದಾಳಲ್ಲ ಎಂದು ಚಪ್ಪಾಳೆ ತಟ್ಟಿದೆ. ಅರವತ್ತು ದಾಟಿದ ಮೇಲೆ ಮತ್ತೆ ನರಿ ನೋಡಿದೆ, ಅದೂ ಮರಿಗಳ ಸಮೇತ.

ಆಮೇಲೆ ನೋಡಿದರೆ ಬೇರೆ ಯಾರೂ ನಗುತ್ತಿಲ್ಲ. ಬಾಗಿಲಲ್ಲಿದ್ದ ಹುಡುಗರು ಕೂಡ ಸುಮ್ಮನೆ ನಿಂತಿದ್ದರು. ಯಕ್ಷಿತಾ ನೆಲ ನೋಡುತ್ತಿದ್ದಳು. ನೀನು ಎದ್ದು ಹೊರಗೆ ಹೋದೆ. ಶರಣವ್ವ ಮೋರಿಯ ಹತ್ತಿರ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯಲು ಕೂತಳು. ಅವಳ ಭುಜ ಅಲುಗುತ್ತಿತ್ತು.

ರಾತ್ರಿ ಅವಳನ್ನು ಕೇಳಿದೆ. ಗಾಳಿಯ ಸಪ್ಪಳ ಎಂದು ಕಿವಿಯಲ್ಲಿ ಹೇಳಿದಳು. ಗಾಳಿಗೆ ಯಾರೂ ಅಳುವುದಿಲ್ಲ. ಅದರಲ್ಲಿ ನಿನ್ನ ದನಿ ಇದೆ, ಅಲ್ಲವೇ? ಏನು ಕೂಗುತ್ತಿದ್ದೀ? ಎಲ್ಲರೂ ಕೇಳಿದರು, ನಾನೊಬ್ಬ ಕೇಳಲಿಲ್ಲ. ಎರಡು ದಿನದಿಂದ ಊಟ ಸೇರುತ್ತಿಲ್ಲ. ನೀನಾದರೂ ಬರೆ.

ನಿನ್ನ ಅಪ್ಪ


ಘಾಟ್ಕೋಪರ್
22 ಜೂನ್ 2025

ಅಪ್ಪ,

ಗಾಳಿಯ ಸಪ್ಪಳವಲ್ಲ, ನನ್ನ ದನಿಯೇ. ನಾನೂ ಅದನ್ನು ಕೇಳಿದ್ದು ನಿಮ್ಮ ಮನೆಯಲ್ಲೇ, ಅದೇ ಮೊದಲ ಸಲ. ಅದಕ್ಕೇ ಹೊರಗೆ ಹೋದೆ.

ಯಕ್ಷಿತಾ ಆ ಸದ್ದನ್ನು ತೆಗೆದುಬಿಡೋಣ ಎಂದಳು. ಸಂಘದಲ್ಲಿ ತೋರಿಸುವಾಗ ಬರೀ ನರಿ ಸಾಕು, ಹಿಂದೆ ಕೊಳಲು ಹಾಕೋಣ ಎಂದಳು. ನಾನೂ ಹೂಂ ಎಂದಿದ್ದೆ. ನಿಮ್ಮ ಕಾಗದ ಬಂದ ಮೇಲೆ ಬೇಡ ಎಂದು ಹೇಳಿದ್ದೇನೆ. ನಾಳೆ ಆಫೀಸಿಗೆ ಹೋಗುತ್ತೇನೆ. ಮಳೆ ನಿಂತ ಮೇಲೆ ಖಾಡಿಗೂ ಹೋಗುತ್ತೇನೆ, ಹೋಗದೆ ಇರಲು ನನ್ನಿಂದ ಆಗುವುದಿಲ್ಲ. ಒಬ್ಬಳೇ ಹೋಗುವುದಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ. ಮೊದಲು ಬಚಾವ್ ಬಚಾವ್ ಎಂದು ಕೂಗಿದೆ. ಸ್ವಲ್ಪ ಹೊತ್ತಿನ ಮೇಲೆ ಅದು ನಿಂತುಹೋಗಿದೆ. ಆಮೇಲೆ ಕೊನೆಯವರೆಗೂ ಒಂದೇ ಮಾತು. ಅವ್ವನನ್ನು ಕರೆದಿರಬೇಕು ಎಂದು ನಾನು ಅಂದುಕೊಂಡಿದ್ದೆ, ಅಲ್ಲ. ಅಪ್ಪಾ, ಅಪ್ಪಾ ಎಂದು ಕರೆಯುತ್ತಿದ್ದೇನೆ. ನಿಮಗೆ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಬೇರೆ ಯಾರ ಹೆಸರೂ ಬಾಯಿಗೆ ಬರಲಿಲ್ಲ.

ಸೋನಾಲಿ